ಮಾಂಜ್ರಾ ಬತ್ತಿದ ವರ್ಷ

ನನ್ನೂರು ಸಾಗರದ ಹತ್ತಿರ. ಕೆಲಸ ಸಿಕ್ಕಿದ್ದು ರಾಜ್ಯದ ಇನ್ನೊಂದು ತುದಿಯಲ್ಲಿ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಅಲ್ಲಿಗೆ ಹೋಗಿ ಕೆಲವು ವರ್ಷ ಕಳೆದ ಮೇಲೆ 2015–16ರ ಬರ ಬಂತು. ಆ ವರ್ಷ ನೀರಿಲ್ಲದೆ ಶಾಲೆ ನಡೆಸಿದ್ದು, ಕೆಟ್ಟ ನೀರು ಕುಡಿದು ಕಾಮಾಲೆಯಿಂದ ಮಲಗಿದ್ದು, ಆಗ ನನ್ನನ್ನು ನೋಡಿಕೊಂಡವರು ಯಾರು ಎಂಬುದು, ಇಷ್ಟನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಸಣ್ಣ ಊರು, ಹೆಸರು ಹೇಳಿದರೆ ಒಬ್ಬೊಬ್ಬರ ಮನೆಯೂ ಗುರುತಾಗುತ್ತದೆ. ಮಹಾರಾಷ್ಟ್ರದ ಗಡಿ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಎಂದರೆ ಸಾಕು.

ನೇಮಕದ ಆದೇಶ ಬಂದಾಗ ನೆಂಟರೆಲ್ಲ ಸಮಾಧಾನ ಹೇಳಲು ಬಂದಿದ್ದರು. ಬೀದರ್ ಎಂದರೆ ಸರ್ಕಾರಿ ನೌಕರರನ್ನು ಶಿಕ್ಷೆಗೆ ಕಳಿಸುವ ಜಾಗ ಎಂಬ ಮಾತು ದಕ್ಷಿಣದ ಜಿಲ್ಲೆಗಳಲ್ಲಿ ಬಹಳ ಹಿಂದಿನಿಂದ ಇದೆ. ದೂರವಂತೂ ಹೌದು. ಕಲಬುರಗಿ–ಬೀದರ್ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ ನಾನು ಕಲಬುರಗಿಯಲ್ಲಿ ಇಳಿದು, ಹುಮನಾಬಾದ್ ಮೇಲೆ ಬೀದರಿಗೆ ಬಸ್ಸು ಹಿಡಿಯಬೇಕಿತ್ತು. ಬೀದರಿನಿಂದ ಮತ್ತೆ ಔರಾದ್ ಬಸ್ಸು. ಜನವಾಡ ದಾಟಿ ಕೌಠಾದ ಬಳಿ ಮಾಂಜ್ರಾ ಸೇತುವೆ ಸಿಗುತ್ತದೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ, ನಮ್ಮ ಮಲೆನಾಡಿನ ಮಣ್ಣಿನ ಬಣ್ಣವೇ. ಹೊಳೆ ದಾಟಿದ ಮೇಲೆ ಎರೆ ಭೂಮಿ. ತೊಗರಿ, ಸೋಯಾ, ಉದ್ದು, ಹೆಸರು, ಜೋಳ. ಮರಗಳು ಅಲ್ಲೊಂದು ಇಲ್ಲೊಂದು. ಸಂತಪುರ ದಾಟಿ ಔರಾದಿನಲ್ಲಿ ಇಳಿದರೆ ಅಲ್ಲಿಂದ ಮುಂದೆ ಟಂಟಂ ಆಟೋ.

ನಮ್ಮ ಶಾಲೆಯ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಕಡಿಮೆ. ಊರಿನ ಮಕ್ಕಳದ್ದು ಮರಾಠಿ, ತಾಂಡಾದ ಮಕ್ಕಳದ್ದು ಲಂಬಾಣಿ, ಕೆಲವರದ್ದು ಉರ್ದು. ನನ್ನನ್ನು ಅವರು ಕರೆಯುತ್ತಿದ್ದದ್ದು ‘ಬಾಯಿ’ ಎಂದು. ಹೋದ ಹೊಸತರಲ್ಲಿ ನಲಿ–ಕಲಿ ಕಾರ್ಡು ಹಿಡಿದು ಕೂತರೆ ನಾನು ಹೇಳಿದ್ದು ಅವರಿಗೆ, ಅವರು ಹೇಳಿದ್ದು ನನಗೆ ತಿಳಿಯುತ್ತಿರಲಿಲ್ಲ. ಆಗ ನಡುವೆ ನಿಂತವರು ಬಿಸಿಯೂಟದ ಅಡುಗೆ ಮಾಡುವ ಮೌಶಿ. ಒಲೆ ಮುಂದೆ ಕೂತೇ ನನ್ನ ಮಾತನ್ನು ಮಕ್ಕಳಿಗೆ ದಾಟಿಸುತ್ತಿದ್ದರು. ಓದು ಬರದ ಆ ಹೆಂಗಸಿನಿಂದ ನಾನು ಮರಾಠಿ ಕಲಿತೆ. ಗಡಿಭಾಗದಲ್ಲಿ ಕನ್ನಡ ಕಲಿಸಬೇಕಾದವರು ಮೊದಲು ಆ ಮಕ್ಕಳ ಮನೆಮಾತು ಕಲಿಯಬೇಕು. ಇದನ್ನು ಯಾವ ತರಬೇತಿಯಲ್ಲೂ ಯಾರೂ ನನಗೆ ಹೇಳಿರಲಿಲ್ಲ, ಮೌಶಿಯ ಪಕ್ಕ ಕೂತು ತಿಳಿದುಕೊಂಡೆ.

ಇನ್ನಿಬ್ಬರು ಗೆಳತಿಯರು. ಒಬ್ಬರು ನಮ್ಮ ಶಾಲೆಯವರೇ, ಭಾಲ್ಕಿಯಿಂದ ದಿನಾ ಓಡಾಡುತ್ತಿದ್ದರು. ಕಮಲನಗರದವರೆಗೆ ಬಸ್ಸೋ ರೈಲೋ, ಅಲ್ಲಿಂದ ಟಂಟಂ. ಬೆಳಿಗ್ಗೆ ಬರುವಾಗ ಎರಡು ಡಬ್ಬಿ ತರುತ್ತಿದ್ದರು, ಒಂದು ಅವರಿಗೆ, ಒಂದು ನನಗೆ. ಬಿಳಿಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ‘ಅನ್ನ ತಿಂದು ಈ ಬಿಸಿಲಿಗಿ ತಡೀಲಾಕ ಆಗಲ್ಲ, ರೊಟ್ಟಿ ಉಣ್ರಿ’ ಎನ್ನುವುದು ಅವರ ದಿನದ ಮಾತು. ಇನ್ನೊಬ್ಬರು ಬೀದರಿನ ಉರ್ದು ಶಾಲೆಯ ಶಿಕ್ಷಕಿ, ತರಬೇತಿಯೊಂದರಲ್ಲಿ ಪಕ್ಕ ಕೂತು ಪರಿಚಯವಾದವರು. ನನಗಿಂತ ದೊಡ್ಡವರು, ನಾನು ಆಪಾ ಎನ್ನುತ್ತಿದ್ದೆ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿ, 1472ರಲ್ಲಿ ಮಹಮೂದ್ ಗವಾನ ಕಟ್ಟಿಸಿದ ಮದರಸಾ ಇದೆಯಲ್ಲ, ಅದನ್ನು ದಾಟಿ ಒಂದು ಗಲ್ಲಿಯೊಳಗೆ ಅವರ ಮನೆ. ಸಂಬಳದ ಕೆಲಸಕ್ಕೋ ಬ್ಯಾಂಕಿಗೋ ಬೀದರಿಗೆ ಹೋದಾಗ ಆ ಮನೆಗೆ ಹೋಗದೆ ಬಂದದ್ದಿಲ್ಲ. ಮಧ್ಯಾಹ್ನದ ಹೊತ್ತು ಬಾಗಿಲು ತೆಗೆದವರೇ ‘ಮೊದ್ಲು ಊಟ, ಆಮ್ಯಾಲ ಮಾತು’ ಎನ್ನುತ್ತಿದ್ದರು.

2014ರಲ್ಲೂ ಮಳೆ ಸರಿಯಾಗಿ ಆಗಿರಲಿಲ್ಲ. 2015ರ ಮುಂಗಾರು ಪೂರ್ತಿ ಕೈಕೊಟ್ಟಿತು. ಕರ್ನಾಟಕ ಎಂದರೆ ಕಾವೇರಿ, ಕೃಷ್ಣಾ ಎನ್ನುವವರಿಗೆ ಒಂದು ಮಾತು ಹೇಳಬೇಕು: ಬೀದರ್ ಜಿಲ್ಲೆಯ ಹೆಚ್ಚಿನ ಭಾಗ ಗೋದಾವರಿ ಕೊಳ್ಳಕ್ಕೆ ಸೇರಿದ್ದು. ಮಾಂಜ್ರಾ, ಅದಕ್ಕೆ ಕೂಡುವ ಕಾರಂಜಾ, ಇವೇ ಅಲ್ಲಿನ ಜನರ ಹೊಳೆಗಳು. ಮಾಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ್ ಕಡೆ. ಮೇಲೆ ಮಳೆ ಇಲ್ಲದಿದ್ದರೆ ಕೆಳಗೆ ನೀರಿಲ್ಲ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿರುವ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಅಡಿ. ಬೀದರ್ ನಗರ ಕುಡಿಯುವ ನೀರಿಗೆ ಅದನ್ನೇ ನಂಬಿದೆ. ಆ ಬೇಸಿಗೆಯಲ್ಲಿ ಅದರ ತಳ ಕಾಣಿಸಿಕೊಂಡಿತು. ಕೌಠಾ ಸೇತುವೆಯ ಮೇಲೆ ಬಸ್ಸು ಹೋಗುವಾಗ ಎಲ್ಲರೂ ಕಿಟಕಿಯಿಂದ ಕೆಳಗೆ ಇಣುಕುತ್ತಿದ್ದೆವು. ಮರಳು, ಬಂಡೆ, ಅಲ್ಲಲ್ಲಿ ಜನ ತೋಡಿದ ಗುಂಡಿಗಳು.

ಜನವರಿಯಲ್ಲಿ ಎಳ್ಳ ಅಮಾವಾಸ್ಯೆ ಬಂತು. ಬೀದರ್ ಕಡೆ ಇದಕ್ಕಿಂತ ದೊಡ್ಡ ಹಬ್ಬ ರೈತರಿಗಿಲ್ಲ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಪೂಜೆ ಮಾಡಿ, ಸೊಪ್ಪು, ಕಾಳು, ಕಾಯಿಪಲ್ಲೆ ಎಲ್ಲ ಹಾಕಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದೊಯ್ಯುತ್ತಾರೆ. ಹಿಂದಿನ ವರ್ಷಗಳಲ್ಲಿ ನನ್ನನ್ನು ಕರೆಯಲು ಮೂರ್ನಾಲ್ಕು ಮನೆಯವರು ಬಾಗಿಲಿಗೆ ಬರುತ್ತಿದ್ದರು, ಯಾರ ಹೊಲಕ್ಕೆ ಹೋದರೂ ಉಳಿದವರಿಗೆ ಬೇಸರ. ಆ ಸಲ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ, ಎಷ್ಟೋ ಹೊಲದಲ್ಲಿ ಬಿತ್ತಿರಲೇ ಇಲ್ಲ. ಆದರೂ ಹೋದರು. ನನ್ನನ್ನೂ ಕರೆದರು. ಬೆಳೆಯಿಲ್ಲದ ಹೊಲದಲ್ಲಿ ಕೂತು ಭಜ್ಜಿ ಉಂಡೆವು. ಮೌಶಿಯ ಅತ್ತೆ, ಊರಿಗೆಲ್ಲ ಆಯಿ, ಊಟ ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು 1972ರ ಬರದ ಕತೆ ಹೇಳಿದರು. ಆಗ ಅವರು ಕಲ್ಲು ಒಡೆಯುವ ಕೂಲಿಗೆ ಹೋಗಿದ್ದರಂತೆ. ಕೇಳುತ್ತಿದ್ದ ಗಂಡಸರು ಯಾರೂ ಮಾತಾಡಲಿಲ್ಲ. ಹಬ್ಬದ ಮರುವಾರದಿಂದಲೇ ಮನೆಗಳಿಗೆ ಬೀಗ ಬೀಳತೊಡಗಿತು. ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಹೋದವರು ಹೋದರು. ಮಕ್ಕಳನ್ನು ಆಯಿ, ಮುತ್ಯಾರ ಹತ್ತಿರ ಬಿಟ್ಟರು. ಬಿಡಲು ಯಾರೂ ಇಲ್ಲದವರು ಮಕ್ಕಳನ್ನೂ ಕರೆದುಕೊಂಡು ಹೋದರು, ನನ್ನ ಹಾಜರಿ ಪುಸ್ತಕದಲ್ಲಿ ಅವರ ಸಾಲುಗಳು ಖಾಲಿ ಉಳಿದವು.

ನೀರಿನ ಕಥೆ ಹೇಳುತ್ತೇನೆ. ಊರಿನ ಕೊಳವೆಬಾವಿಗಳು ಒಂದೊಂದಾಗಿ ನಿಂತ ಮೇಲೆ ಟ್ಯಾಂಕರ್ ಬರತೊಡಗಿತು. ಟ್ಯಾಂಕರಿನಿಂದ ನೇರವಾಗಿ ಕೊಡ ತುಂಬಿಸಿಕೊಳ್ಳಲು ಜಗಳ ಆಗುತ್ತದೆಂದು ನೀರನ್ನು ಊರ ಬಾವಿಗೆ ಬಿಡುತ್ತಿದ್ದರು. ಒಣಗಿದ ಬಾವಿ. ಪೈಪಿನಿಂದ ಬಿದ್ದ ನೀರು ತಳದ ಕೆಸರನ್ನೆಲ್ಲ ಕಲಕಿಬಿಡುತ್ತಿತ್ತು. ಅದು ತಿಳಿಯಾಗುವವರೆಗೆ ಕಾಯುತ್ತಾ ಕೂತವರು ಯಾರೂ ಇಲ್ಲ. ಕಾದರೆ ನೀರೇ ಉಳಿಯುವುದಿಲ್ಲ. ಬಾವಿಯ ದಂಡೆಯ ಸುತ್ತ ಹೆಂಗಸರು ಒಬ್ಬರಿಗೊಬ್ಬರು ಹೆಗಲು ತಾಗುವಂತೆ ನಿಂತು ಹಗ್ಗ ಬಿಡುತ್ತಿದ್ದರು. ದಂಡೆಗೆ ಕಟ್ಟೆಯಿಲ್ಲ. ಪ್ಲಾಸ್ಟಿಕ್ ಕೊಡ ಹಗುರ, ತೇಲುತ್ತದೆ, ಮುಳುಗುವುದಿಲ್ಲ; ಹಗ್ಗವನ್ನು ಒಮ್ಮೆ ಜಗ್ಗಿ ಬಾಯಿ ಓರೆ ಮಾಡಿ ಮುಳುಗಿಸಬೇಕು. ಅದು ನನಗೆ ಬರುತ್ತಿರಲಿಲ್ಲ. ನಮ್ಮೂರಿನಲ್ಲಿ ಜೂನ್‌ನಿಂದ ಮನೆಯ ಸೂರಿನಿಂದಲೇ ನೀರು ಧಾರೆಯಾಗಿ ಇಳಿಯುತ್ತದೆ. ನೀರಿಗಾಗಿ ಸಾಲಿನಲ್ಲಿ ನಿಂತವಳಲ್ಲ ನಾನು. ಮೊದಲ ದಿನ ನನ್ನ ಕೊಡ ಖಾಲಿಯಾಗಿಯೇ ಮೇಲೆ ಬಂತು. ಪಕ್ಕದಲ್ಲಿದ್ದ ಹುಡುಗಿ, ನನ್ನದೇ ಏಳನೇ ತರಗತಿಯವಳು, ಕೈಯಿಂದ ಹಗ್ಗ ಕಿತ್ತುಕೊಂಡು ‘ಬಾಯಿ, ತುಮ್ಹಿ ಸರ್ಕಾ’ ಎಂದು ನನ್ನನ್ನು ಹಿಂದೆ ಸರಿಸಿ ನೀರು ಸೇದಿಕೊಟ್ಟಳು. ಅಂದಿನಿಂದ ನನ್ನ ಪಾಲಿನ ನೀರನ್ನು ಯಾರಾದರೊಬ್ಬರು ಸೇದಿ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಟ್ಯಾಂಕರ್ ಕೆಲವು ಸಲ ನಡುರಾತ್ರಿ ಬರುತ್ತಿತ್ತು. ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ಕೊಡ ಇರುತ್ತಿತ್ತು. ಯಾರು ಇಟ್ಟರೆಂದು ಕೇಳಿದರೆ ಒಬ್ಬರೂ ತಾವು ಎನ್ನುತ್ತಿರಲಿಲ್ಲ.

ಮನೆಗಳಿಗೆ ಹೀಗಾದರೂ ನೀರು ಸಿಗುತ್ತಿತ್ತು. ಶಾಲೆಗೆ ಸಿಗುತ್ತಿರಲಿಲ್ಲ. ಟ್ಯಾಂಕರ್ ಲೆಕ್ಕ ಮನೆಗಳ ಮೇಲೆ, ತಲೆಗಳ ಮೇಲೆ. ಶಾಲೆಯಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ, ಹಾಗಾಗಿ ಅದು ಯಾರ ಲೆಕ್ಕದಲ್ಲೂ ಇಲ್ಲ. ಮುಖ್ಯ ಶಿಕ್ಷಕರು ಅರ್ಜಿ ಬರೆದರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಓಡಾಡಿದರು. ‘ಮಾಡ್ತೀವ್ರಿ ಸರ್’ ಎಂಬ ಉತ್ತರ ಬಂತು, ನೀರು ಬರಲಿಲ್ಲ.

ಶಾಲೆಯಲ್ಲಿ ನೀರಿಲ್ಲ ಎಂದರೆ ಏನಾಗುತ್ತದೆ ಎಂದು ಹೊರಗಿನವರಿಗೆ ಹೊಳೆಯುವುದಿಲ್ಲ. ಮೊದಲು ಮುಚ್ಚುವುದು ಶೌಚಾಲಯ. ಶೌಚಾಲಯ ಮುಚ್ಚಿದ ವಾರದಿಂದಲೇ ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ತಪ್ಪಿಸತೊಡಗಿದರು. ಅವರ ಅವ್ವಂದಿರು ಬಂದು ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಶಿಕ್ಷಕಿಯರಾದ ನಮ್ಮದೂ ಅದೇ ಪಾಡು. ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರೂ ಕುಡಿಯದೆ ಇರುವುದನ್ನು ರೂಢಿ ಮಾಡಿಕೊಂಡಿದ್ದೆವು. ಹೊರಗೆ ಬಿಸಿಲು ಕಾದ ತಗಡಿನ ಮೇಲೆ ನಿಂತ ಹಾಗೆ. ಭಾಲ್ಕಿಯ ಗೆಳತಿಗೆ ಉರಿಮೂತ್ರ ಶುರುವಾಗಿ ಎರಡೆರಡು ಸಲ ಔಷಧಿ ತೆಗೆದುಕೊಂಡರು. ಈ ವಿಷಯವನ್ನು ಶಿಕ್ಷಕಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಸಭೆಯಲ್ಲಿ ಹೇಳುವುದಿಲ್ಲ. ಹೇಳಬೇಕು ಎಂದೇ ಇಲ್ಲಿ ಬರೆದಿದ್ದೇನೆ.

ಬಿಸಿಯೂಟ ನಿಲ್ಲಿಸುವಂತಿರಲಿಲ್ಲ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದು, ಯಾಕೆ ಎಂಬುದು ಆ ವರ್ಷ ಕಣ್ಣಾರೆ ಕಂಡೆ. ಎಷ್ಟೋ ಮಕ್ಕಳಿಗೆ ದಿನದಲ್ಲಿ ಹೊಟ್ಟೆ ತುಂಬ ಸಿಗುವ ಊಟ ಅದೊಂದೇ. ಜೊತೆಗೆ ಕ್ಷೀರಭಾಗ್ಯದ ಹಾಲು. ಆಗ ವಾರಕ್ಕೆ ಮೂರು ದಿನ ಕೊಡುತ್ತಿದ್ದರು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಲೀಟರ್ ಹಾಲು ಮಾಡಬೇಕು. ಪುಡಿ ಮೂಟೆಯಲ್ಲಿ ಬಂದು ಕೂತಿದೆ, ಕಲಸಲು ನೀರಿಲ್ಲ. ಮಕ್ಕಳಿಗೆ ಹೇಳಿದೆವು: ಬರುವಾಗ ಮನೆಯಿಂದ ಒಂದು ಬಾಟಲಿ ನೀರು ತನ್ನಿ. ತಂದರು. ಬಾಟಲಿಗಳನ್ನು ಮೌಶಿ ಒಂದೊಂದಾಗಿ ಪಾತ್ರೆಗೆ ಬಗ್ಗಿಸುತ್ತಿದ್ದರು. ಒಬ್ಬ ಮೂರನೇ ತರಗತಿ ಹುಡುಗಿಯ ಬಾಟಲಿ ದಿನವೂ ಅರ್ಧ. ಯಾಕೆ ಎಂದು ಮೌಶಿ ಕೇಳಿದರೆ, ಇನ್ನರ್ಧ ಮುತ್ಯಾನ ಮಾತ್ರೆಗೆ ಬೇಕು ಎಂದಳು. ಮೌಶಿ ಆ ಅರ್ಧವನ್ನು ಪಾತ್ರೆಗೆ ಹಾಕದೆ ಮುಚ್ಚಳ ಬಿಗಿ ಮಾಡಿ ಅವಳ ಕೈಗೆ ಕೊಟ್ಟು, ತನ್ನ ಮನೆಯ ಕೊಡ ತರಲು ಹೋದರು. ತಟ್ಟೆಗಳನ್ನು ಬೂದಿಯಿಂದ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದೆವು. ಪರೀಕ್ಷೆಯ ತಿಂಗಳವರೆಗೂ ನಮ್ಮ ಶಾಲೆಯಲ್ಲಿ ಅನ್ನವಾಗಲಿ ಹಾಲಾಗಲಿ ತಪ್ಪಲಿಲ್ಲ. ಅದನ್ನು ತಪ್ಪದಂತೆ ನೋಡಿಕೊಂಡವರ ಗೌರವಧನ ಎಷ್ಟೆಂದು ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಫೆಬ್ರುವರಿ ಕೊನೆಗೆ ನನಗೆ ಊಟ ಸೇರದಾಯಿತು. ರೊಟ್ಟಿ ನೋಡಿದರೆ ವಾಕರಿಕೆ. ಮೈಕೈ ನೋವು, ಸಣ್ಣ ಜ್ವರ. ಬಿಸಿಲಿಗೆ ಹೀಗಾಗುತ್ತದೆ ಎಂದುಕೊಂಡು ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಪ್ರಾರ್ಥನೆಯಲ್ಲಿ ನಿಂತಿದ್ದಾಗ ಕಣ್ಣು ಕತ್ತಲಿಟ್ಟು ಕೂತುಬಿಟ್ಟೆ. ಭಾಲ್ಕಿಯ ಗೆಳತಿ ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿದರು. ‘ಯಾಕ್ರಿ ಅಕ್ಕ, ಕಣ್ಣು ಪೂರಾ ಹಳದಿ ಆಗ್ಯಾವ, ಯಾರಿಗೂ ಹೇಳಬಾರದಾ?’ ಎಂದು ಜೋರು ಮಾಡಿದರು. ಟಂಟಂ ನಿಲ್ಲಿಸಿ ಔರಾದಿಗೆ ಕರೆದೊಯ್ದರು. ಅಲ್ಲಿಯ ವೈದ್ಯರು ರಕ್ತ ಪರೀಕ್ಷೆ ನೋಡಿ ಬೀದರಿಗೆ ಹೋಗಿ ಎಂದರು. ಅದೇ ತಿಂಗಳು ಊರಿನಲ್ಲಿ ಇನ್ನೂ ಕೆಲವರಿಗೆ ಕಾಮಾಲೆ ಕಾಣಿಸಿಕೊಂಡಿತ್ತು, ತಾಂಡಾದ ಮಕ್ಕಳಿಗೂ. ನೀರಿನಿಂದ ಹರಡುವ ಕಾಮಾಲೆ ಅದು. ಬಾವಿಯ ನೀರನ್ನು ಪಟಿಕ ಹಾಕಿ ತಿಳಿ ಮಾಡಿದರೆ ಕೆಸರು ಕೂತೀತು, ರೋಗಾಣು ಸಾಯುವುದಿಲ್ಲ. ಕುದಿಸಬೇಕು. ಕುದಿಸಿ ಆರಿಸಿ ಕುಡಿಯುವಷ್ಟು ಸೌದೆ ಯಾರ ಮನೆಯಲ್ಲೂ ಇರಲಿಲ್ಲ.

ಬೀದರ್ ಬಸ್ಸಿನಲ್ಲಿ ನಾನು ಗೆಳತಿಯ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದೆ. ಅಮ್ಮನಿಗೆ ಫೋನು ಮಾಡಬೇಡಿ ಎಂದು ಹೇಳಿದ್ದೆ. ಅವರು ಕೇಳಲಿಲ್ಲ, ನಿಲ್ದಾಣದಲ್ಲಿ ಇಳಿದ ಕೂಡಲೇ ಮಾಡಿದರು. ಅಮ್ಮನದು ಒಂದೇ ಮಾತು, ‘ಕೆಲಸ ಬಿಟ್ಟು ಬಂದುಬಿಡು.’ ಬರುವುದಾದರೂ ಹೇಗೆ? ಒಂದು ರಾತ್ರಿ, ಒಂದು ಹಗಲಿನ ಬಸ್ಸು ಪ್ರಯಾಣಕ್ಕೆ ವೈದ್ಯರು ಒಪ್ಪಲಿಲ್ಲ. ಈ ಕಾಮಾಲೆಗೆ ವಿಶೇಷ ಔಷಧಿಯಿಲ್ಲ, ವಿಶ್ರಾಂತಿ ಬೇಕು, ಶುದ್ಧ ನೀರು ಬೇಕು, ಪಿತ್ತಜನಕಾಂಗ ತಾನಾಗಿ ಸುಧಾರಿಸಿಕೊಳ್ಳಬೇಕು ಎಂದರು. ಶುದ್ಧ ನೀರು ಬೇಕು ಎಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನನ್ನ ಬಾಡಿಗೆ ಕೋಣೆಗೆ ಮರಳಿದರೆ ಮತ್ತೆ ಅದೇ ಬಾವಿ.

ಆಸ್ಪತ್ರೆಯಿಂದ ಬಿಟ್ಟ ದಿನ ಆಪಾ ಆಟೋ ತಂದು ನಿಲ್ಲಿಸಿದ್ದರು. ನಾನು ಬೇಡ ಎಂದರೆ ಕೇಳಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಅವರ ಮನೆಯಲ್ಲಿ ಒಳಗಿನ ಕೋಣೆ ನನಗಾಯಿತು. ಹಿತ್ತಲಲ್ಲಿ ಜಂಬಿಟ್ಟಿಗೆ ಕೊರೆದು ಮಾಡಿದ ಹಳೆಯ ಬಾವಿ, ಆ ವರ್ಷವೂ ತಳದಲ್ಲಿ ಸ್ವಲ್ಪ ನೀರಿತ್ತು. ಗಲ್ಲಿಯ ಅರ್ಧ ಮನೆಗಳು ಅದರಿಂದಲೇ ಒಯ್ಯುತ್ತಿದ್ದವು. ಆಪಾ ನನಗೆ ಬೇರೆ ಪಾತ್ರೆಯಲ್ಲಿ ನೀರು ಕುದಿಸಿ, ತೆಳ್ಳನೆ ಬಿಳಿ ಬಟ್ಟೆ ಕಟ್ಟಿ ಇಡುತ್ತಿದ್ದರು. ನಾನು ಮಾಂಸ ತಿನ್ನುವವಳಲ್ಲ. ನಾನಿದ್ದಷ್ಟು ದಿನ ಆ ಮನೆಯಲ್ಲಿ ಮಾಂಸ ಬೇಯಲಿಲ್ಲ. ಬೇಡ, ನೀವು ಮಾಡಿಕೊಳ್ಳಿ ಎಂದು ಕೈಮುಗಿದು ಹೇಳಿದೆ. ‘ವಾಸನಿಗಿ ನಿನಗ ವಾಂತಿ ಬರ್ತದ, ಮಲಕೊ’ ಎಂದರು. ಅವರ ಮಗ ಶಾಲೆಯಿಂದ ಬಂದವನೇ ಎಳನೀರು ಹುಡುಕಿಕೊಂಡು ಹೋಗುತ್ತಿದ್ದ. ಬೀದರಿನಲ್ಲಿ ಆ ಬೇಸಿಗೆ ಎಳನೀರು ಸಿಗುವುದು ಸುಲಭವಿರಲಿಲ್ಲ. ನೆಲನೆಲ್ಲಿಯ ಔಷಧಿ ಕೊಡುವ ಹಕೀಮರ ಬಳಿ ಕರೆದೊಯ್ಯಲು ಪಕ್ಕದ ಮನೆಯವರೆಲ್ಲ ಒತ್ತಾಯ ಮಾಡಿದಾಗ ಆಪಾ ಅಡ್ಡ ನಿಂತು, ಡಾಕ್ಟರು ಹೇಳಿದ್ದಷ್ಟೇ ಎಂದರು. ರಾತ್ರಿ ನಾನು ನರಳಿದರೆ ಎದ್ದು ಬಂದು ಹಣೆ ಮುಟ್ಟಿ ನೋಡಿ ಹೋಗುತ್ತಿದ್ದರು.

ನಡೆದಾಡುವಷ್ಟು ಶಕ್ತಿ ಬಂದ ಮೇಲೆ ಭಾಲ್ಕಿಯವರು ಬಂದು, ಈಗ ನಮ್ಮ ಸರದಿ ಎಂದು ಕರೆದೊಯ್ದರು. ಶಾಲೆಯಲ್ಲಿ ವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು, ನನ್ನ ತರಗತಿಯ ಉತ್ತರ ಪತ್ರಿಕೆಗಳನ್ನೂ ಅವರೇ ತಿದ್ದಿದರು. ನನ್ನ ಪರಿವರ್ತಿತ ರಜೆಯ ಅರ್ಜಿ, ವೈದ್ಯಕೀಯ ಪ್ರಮಾಣಪತ್ರ ಹಿಡಿದು ಔರಾದಿನ ಕಚೇರಿಗೆ ಓಡಾಡಿದ್ದು ಮುಖ್ಯ ಶಿಕ್ಷಕರು. ಯುಗಾದಿ ನಾನು ಭಾಲ್ಕಿಯಲ್ಲೇ ಮಾಡಿದೆ. ಗೆಳತಿಯ ಅವ್ವ ನನ್ನನ್ನು ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. ನುಚ್ಚಿನ ಗಂಜಿ, ಮಜ್ಜಿಗೆ. ಎಣ್ಣೆಯ ಪದಾರ್ಥ ಮಾಡಿದ ದಿನ ನನ್ನ ಕೋಣೆಯ ಬಾಗಿಲು ಮುಚ್ಚಿಡುತ್ತಿದ್ದರು. ಅದೇ ಏಪ್ರಿಲ್ 12ರಂದು ಮಿರಜ್‌ನಿಂದ ಲಾತೂರಿಗೆ ನೀರು ಹೊತ್ತ ಮೊದಲ ರೈಲು ಬಂತು, 10 ವ್ಯಾಗನ್‌ಗಳಲ್ಲಿ 5 ಲಕ್ಷ ಲೀಟರ್. ಟಿವಿಯಲ್ಲಿ ಅದನ್ನು ತೋರಿಸುತ್ತಿದ್ದಾಗ ಮನೆಯವರೆಲ್ಲ ಬಂದು ನೋಡಿದರು. ಲಾತೂರಿನಲ್ಲಿ ಆ ಮನೆಯವರ ಬೀಗರಿದ್ದರು. ಇಡೀ ದೇಶ ಆ ರೈಲನ್ನು ನೋಡಿತು. ಲಾತೂರಿನ ಗಡಿಗೆ ಹತ್ತಿಕೊಂಡೇ ಇರುವ ಔರಾದಿನ ಬಾವಿಗಳನ್ನು ಅಷ್ಟಾಗಿ ಯಾರೂ ನೋಡಲಿಲ್ಲ.

ಆ ಮನೆಯ ಮುತ್ಯಾ ಹಗಲಿಡೀ ನನಗೆ ಜೊತೆ. ಅವರು ಭಾಲ್ಕಿ ಹಿರೇಮಠದ ಶಾಲೆಯಲ್ಲಿ ಕಲಿತವರು. ಹೈದರಾಬಾದ್ ನಿಜಾಮರ ಆಡಳಿತದಲ್ಲಿ ಉರ್ದು ಬಿಟ್ಟು ಬೇರೆ ಭಾಷೆಯಲ್ಲಿ ಶಾಲೆ ನಡೆಸುವುದು ಕಷ್ಟವಿದ್ದಾಗ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ್ದು ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. 1999ರಲ್ಲಿ ಅವರು ತೀರಿಕೊಂಡಾಗ ಭಾಲ್ಕಿಯಲ್ಲಿ ಸೇರಿದ ಜನರ ಬಗ್ಗೆ ಮುತ್ಯಾ ಹೇಳುವಾಗ ಕಣ್ಣು ತುಂಬಿಕೊಳ್ಳುತ್ತಿದ್ದರು. ನಾನು ವರ್ಗಾವಣೆಯ ಮಾತೆತ್ತಿದೆ. ಜಿಲ್ಲೆಯಿಂದ ಹೊರಗೆ ವರ್ಗ ತೆಗೆದುಕೊಂಡರೆ ಸೇವಾ ಹಿರಿತನ ಹೋಗುತ್ತದೆ, ಆದರೂ ಅರ್ಜಿ ಹಾಕುವ ಯೋಚನೆಯಿದೆ ಎಂದೆ. ಮುತ್ಯಾ ಬೇಡ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ‘ನಿಮ್ಮ ಸಾಲಿ ಹುಡುಗ್ರಿಗಿ ಈ ವರ್ಷ ಕನ್ನಡ ಓದ್ಲಾಕ ಬರ್ತದೇನ್ರಿ?’ ಎಂದು ಕೇಳಿದರು. ಬರುತ್ತದೆ ಎಂದೆ. ನಿಜವಾಗಿಯೂ ಬರುತ್ತಿತ್ತು. ಆ ವರ್ಷ ನಾನು ಅರ್ಜಿ ಹಾಕಲಿಲ್ಲ.

ಜೂನಿನಲ್ಲಿ ಶಾಲೆಗೆ ಮರಳಿದಾಗ ಊರ ಬಾವಿಯ ಹೂಳು ತೆಗೆದಿದ್ದರು. ಆಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಅವರು ಜನರನ್ನು ಸೇರಿಸಿಕೊಂಡು ಜಿಲ್ಲೆಯ ಕೆರೆಗಳು, ಹಳೆಯ ತೆರೆದ ಬಾವಿಗಳ ಹೂಳೆತ್ತಿಸುವ ಕೆಲಸ ಹಿಡಿದಿದ್ದರು. ಅದನ್ನು ಕೇಳಿದ ನಮ್ಮ ಊರವರು ತಾವೇ ಬಾವಿಗಿಳಿದಿದ್ದರು. ಮುಂದಿನ ವರ್ಷ, 2017ರ ಮೇ 17ರಂದು, ಆ ಅಧಿಕಾರಿ ಲಖನೌದಲ್ಲಿ ತೀರಿಕೊಂಡ ಸುದ್ದಿ ಬಂದಾಗ ಔರಾದಿನ ಹೋಟೆಲುಗಳಲ್ಲಿ ಜನ ಅವರ ಮಾತನ್ನೇ ಆಡುತ್ತಿದ್ದರು. ಹೊರಗಿನಿಂದ ಬಂದವರು ಕೆಲಸ ಮಾಡಿದರೆ ಈ ಜಿಲ್ಲೆ ಮರೆಯುವುದಿಲ್ಲ.

ಮಳೆ ಬಂದದ್ದು ಸೆಪ್ಟೆಂಬರಿನಲ್ಲಿ, ಒಟ್ಟಿಗೇ. ಬರದ ಹಿಂದೆ ನೆರೆ. ಕೊಯ್ಲಿಗೆ ಬಂದ ಸೋಯಾ ಹೊಲದಲ್ಲೇ ಮೊಳಕೆಯೊಡೆಯಿತು, ತೊಗರಿ ನೀರಿನಲ್ಲಿ ನಿಂತಿತು. ಹಳ್ಳ ತುಂಬಿ ಊರಿನ ದಾರಿ ಕಡಿಯಿತು. ರಾತ್ರಿ ಮಣ್ಣಿನ ಮಾಳಿಗೆ ಮನೆಗಳು ಸೋರಿ ಎರಡು ಗೋಡೆ ಬಿದ್ದವು, ಜೀವ ಹೋಗಲಿಲ್ಲ. ಬಾಗಿಲು ಬಡಿದವರಿಗೆ ಶಾಲೆಯ ಬೀಗದ ಕೈ ಕೊಡಲು ಊರಿನಲ್ಲಿದ್ದ ಶಿಕ್ಷಕಿ ನಾನೊಬ್ಬಳೇ. ಕೋಣೆಗಳಲ್ಲಿ ಮನೆಮಂದಿ, ಮೇಕೆ, ಜೋಳದ ಚೀಲ. ಮೌಶಿ ಬಿಸಿಯೂಟದ ಒಲೆ ಹಚ್ಚಿದರು. ನಾನು ಅಕ್ಕಿ ತೊಳೆದೆ. ಸೂರಿನ ಕೆಳಗೆ ಪಾತ್ರೆಯಿಟ್ಟರೆ ನೀರು ತುಂಬುತ್ತಿತ್ತು, ಆ ಕೆಲಸ ನನಗೆ ಗೊತ್ತಿತ್ತು. ತುಂಬಿದ್ದನ್ನು ಮೊದಲು ಕುದಿಸಿದೆ. ಕುದಿಸದೆ ಒಬ್ಬರಿಗೂ ಕುಡಿಯಲು ಬಿಡಲಿಲ್ಲ, ಮಕ್ಕಳು ಅತ್ತರೂ ಬಿಡಲಿಲ್ಲ. ನೀರು ಇಳಿದು ದಾರಿ ತೆರೆದಾಗ ಭಾಲ್ಕಿಯವರು ಸೀರೆ ಎತ್ತಿ ಕಟ್ಟಿ ಕೆಸರು ದಾಟಿ ಬಂದರು, ಕೈಯಲ್ಲಿ ಎರಡು ಡಬ್ಬಿ.

ಇವತ್ತಿಗೂ ನಾನು ಬೀದರ್ ಜಿಲ್ಲೆಯಲ್ಲೇ ಇದ್ದೇನೆ. ಆ ಕಾಮಾಲೆಯ ನಂತರ ಒಂದು ವರ್ಷ ನನಗೆ ಸುಸ್ತು ಹೋಗಲಿಲ್ಲ, ಈಗ ಆರೋಗ್ಯವಾಗಿದ್ದೇನೆ. ಆಪಾ ನಿವೃತ್ತರಾಗಿದ್ದಾರೆ. ಮೌಶಿಯ ಜಾಗದಲ್ಲಿ ಅವರ ಸೊಸೆ ಅಡುಗೆ ಮಾಡುತ್ತಾಳೆ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಔರಾದ್ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಅದನ್ನು ಓದಿ ಹೆದರಿ, ಬಂದ ವಾರವೇ ವರ್ಗಾವಣೆಯ ದಾರಿ ಹುಡುಕುವ ಹೊಸ ಶಿಕ್ಷಕರನ್ನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ಕೇಳಿಕೊಳ್ಳುವುದಿಷ್ಟೇ: ಊರಿನಲ್ಲೇ ಮನೆ ಮಾಡಿ, ಮಕ್ಕಳ ಮಾತು ಕಲಿಯಿರಿ, ನೀರು ಕುದಿಸಿ ಕುಡಿಯಿರಿ, ಬಾಯಾರಿದಾಗ ಕುಡಿಯದೆ ಇರಬೇಡಿ. ಪಂಚಾಯ್ತಿಯವರಲ್ಲಿ, ತಾಲ್ಲೂಕು ಕಚೇರಿಯವರಲ್ಲಿ ಇನ್ನೊಂದು ವಿನಂತಿ. ಬೇಸಿಗೆಗೆ ಟ್ಯಾಂಕರ್ ಪಟ್ಟಿ ಬರೆಯುವಾಗ ಮೊದಲ ಹೆಸರು ಶಾಲೆಯದಿರಲಿ. ಜನವರಿಯಲ್ಲೇ ಬರೆಯಿರಿ. ಮಾರ್ಚ್ ತನಕ ಕಾದರೆ ಹೆಣ್ಣುಮಕ್ಕಳು ಅಷ್ಟರಲ್ಲಿ ಶಾಲೆ ಬಿಟ್ಟಿರುತ್ತಾರೆ.